ನಾಗತ್ತರನ ಪಟ್ಟ: ಬೇಗೂರಿನ ಕಲ್ಲು ಹೇಳುವ ಉತ್ತರಾಧಿಕಾರ

ರಾಜವಂಶಗಳ ವಂಶಾವಳಿಯನ್ನು ಓದುವಾಗ ತಂದೆಯಿಂದ ಮಗನಿಗೆ ಪಟ್ಟವು ತಾನಾಗಿ ಹರಿದುಬಂತೆಂಬ ಭಾವನೆ ನಮ್ಮಲ್ಲಿ ಮೂಡುವುದು ಸಹಜ. ಆದರೆ ಶಾಸನಗಳು ಬಳಸುವ ಮಾತು 'ಪಟ್ಟಂಗಟ್ಟು' ಎಂಬುದು. ಪಟ್ಟವೆಂದರೆ ಹಣೆಗೆ ಕಟ್ಟುವ ಪಟ್ಟಿ. ಅದನ್ನು ಕಟ್ಟಲು ಮತ್ತೊಬ್ಬರ ಕೈ ಬೇಕು. ಆ ಕೈ ಯಾರದೆಂಬುದೇ ಇತಿಹಾಸದ ಮುಖ್ಯ ಪ್ರಶ್ನೆ.

ಇದಕ್ಕೆ ಒಳ್ಳೆಯ ನಿದರ್ಶನ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿದೆ. ಗಂಗರ ಕಾಲದಲ್ಲಿ ಇದು ಬೆಂಪೂರು; ಹನ್ನೆರಡು ಊರುಗಳ ಒಂದು ಕಿರುನಾಡು. ಇಲ್ಲಿಯ ಪ್ರಸಿದ್ಧ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಶ. ೮೯೦. ಬೀರಮಹೇಂದ್ರನೊಡನೆ ಕಾದುತ್ತಿದ್ದ ಅಯ್ಯಪದೇವನ ನೆರವಿಗೆ ಗಂಗ ದೊರೆ ಎರೆಯಪ್ಪರಸನು ನಾಗತ್ತರನನ್ನು ಸಾಮಂತರೊಡನೆ ಕಳುಹಿಸಿದನು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಆನೆಗೆ ಎದುರಾಗಿ ಮಡಿದನು. ಸುದ್ದಿ ತಿಳಿದ ಎರೆಯಪ್ಪನು ಇರುಗನೆಂಬವನಿಗೆ 'ನಾಗತ್ತರ' ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಡಗೆಯಾಗಿ ಇತ್ತನು. ಊರುಗಳ ಹೆಸರುಗಳನ್ನೂ ಕಲ್ಲಿನಲ್ಲಿ ಕೊರೆಸಲಾಗಿದೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, 'ನಾಗತ್ತರ' ಎಂಬುದು ಕೇವಲ ವ್ಯಕ್ತಿನಾಮವಾಗಿ ಉಳಿದಿಲ್ಲ. ಒಬ್ಬನು ಅಳಿದ ಮೇಲೆ ಇನ್ನೊಬ್ಬನಿಗೆ ಸಲ್ಲುವ ಪದವಿಯಾಗಿದೆ. ಎರಡನೆಯದು, ಇರುಗನು ಮಡಿದವನಿಗೆ ಮಗನೋ ಅಳಿಯನೋ ಎಂದು ಶಾಸನ ಹೇಳುವ ಗೋಜಿಗೇ ಹೋಗಿಲ್ಲ. ಕೊಟ್ಟವನು ಯಾರೆಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಿದೆ. ಇರುಗನ ಹಕ್ಕಿಗೆ ಅದೇ ಆಧಾರ.

ಐರೋಪ್ಯ ಡ್ಯೂಕರ ನಾಡುಗಳಲ್ಲಿಯೂ ಇಂತಹ ಪ್ರಸಂಗಗಳಿವೆ. ೧೩೬೧ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಸಂತಾನವಿಲ್ಲದೆ ತೀರಿಕೊಂಡಾಗ ಫ್ರಾನ್ಸಿನ ದೊರೆ ಎರಡನೆಯ ಜಾನ್ ಆ ನಾಡನ್ನು ತನ್ನ ವಶಕ್ಕೆ ತೆಗೆದುಕೊಂಡು, ೧೩೬೩ರಲ್ಲಿ ತನ್ನ ಕಿರಿಯ ಮಗನಿಗೆ ಕೊಟ್ಟನು. ಅಲ್ಲಿ ರಾಜನು ನೆಂಟಸ್ತಿಕೆಯ ಹಕ್ಕನ್ನೂ ಮುಂದಿಟ್ಟನು. ಬೇಗೂರಿನ ಕಲ್ಲಿಗೆ ಅದರ ಅಗತ್ಯವೂ ಕಾಣಲಿಲ್ಲ.

ಪಟ್ಟ ಕಟ್ಟಿದ ಎರೆಯಪ್ಪನ ವಂಶದ ಕಥೆಯಾದರೂ ನೇರವಾದುದೇ? ಅವನು ತನ್ನ ದೊಡ್ಡಪ್ಪ ಇಮ್ಮಡಿ ರಾಚಮಲ್ಲನ ಉತ್ತರಾಧಿಕಾರಿ. ತಂದೆ ಬೂತುಗನು ಸಿಂಹಾಸನವೇರಲಿಲ್ಲ. ಮುಂದೆ ಇಮ್ಮಡಿ ಬೂತುಗನು ರಾಚಮಲ್ಲನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳಿದನೆಂದು ಆತಕೂರು ಶಾಸನ ಮುಚ್ಚುಮರೆಯಿಲ್ಲದೆ ದಾಖಲಿಸುತ್ತದೆ. ಅವನ ಬೆನ್ನಿಗಿದ್ದವನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣ. ೯೪೯ರ ತಕ್ಕೋಲದ ಯುದ್ಧದಲ್ಲಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದಾಗ, ಮೆಚ್ಚಿದ ಕೃಷ್ಣನು ಬನವಾಸಿ ಪನ್ನಿರ್ಛಾಸಿರವೇ ಮೊದಲಾದ ನಾಡುಗಳನ್ನು ಇತ್ತನು. ಇರುಗನಿಗೆ ಗಂಗ ದೊರೆ ಹೇಗೋ, ಗಂಗ ದೊರೆಗೆ ರಾಷ್ಟ್ರಕೂಟ ಚಕ್ರವರ್ತಿ ಹಾಗೆ.

ಆದ್ದರಿಂದ ವಂಶವೃಕ್ಷದಲ್ಲಿ ಹೆಸರುಗಳ ನಡುವೆ ನಾವು ಎಳೆಯುವ ಗೆರೆಯನ್ನು ಸದಾ ರಕ್ತಸಂಬಂಧವೆಂದೇ ಓದಬಾರದು. ಬೇಗೂರಿನಲ್ಲಿ ಆ ಗೆರೆ ಒಬ್ಬನ ಸಾವಿನಿಂದ ಹೊರಟು, ಒಡೆಯನ ಕೈ ಹಾದು, ಇನ್ನೊಬ್ಬನ ಹಣೆಗೆ ಮುಟ್ಟಿದೆ. ಮಡಿದವನ ಹೆಸರನ್ನು ಹೊತ್ತವನು ಅವನ ಋಣವನ್ನೂ ಹೊತ್ತನು: ಮುಂದಿನ ದಂಡಿಗೆ ಕರೆ ಬಂದಾಗ ಹೊರಡಬೇಕಾದವನು ಇರುಗನೇ.