ಅಂಗಡಿ ಕಂಪ್ಯೂಟರ್ ಬದಲಾಯಿಸೋದು ಯಾವಾಗ? ಹೆಬ್ಬಾಳದ ವ್ಯಾಪಾರಿಗಳಿಗೆ ಮಾಹಿತಿ

ಮೈಸೂರು: ಹೆಬ್ಬಾಳದಲ್ಲಿ ಒಂದು ಕಡೆ ಇನ್ಫೋಸಿಸ್ ಕ್ಯಾಂಪಸ್, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶದ ಸಣ್ಣಪುಟ್ಟ ಘಟಕಗಳು, ಅಂಗಡಿಗಳು. ದೊಡ್ಡ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋಕೆ ಅಂತಲೇ ಜನ ಇರುತ್ತಾರೆ. ಅಂಗಡಿಯಲ್ಲಿ ಆ ಕೆಲಸವೂ ಮಾಲೀಕರದ್ದೇ. ‘ನಡೀತಿದೆಯಲ್ಲ, ಇನ್ನೊಂದು ವರ್ಷ ತಳ್ಳೋಣ ಬಿಡಿ’ ಅನ್ನೋದು ತಪ್ಪಲ್ಲ. ಆದರೆ ಎಲ್ಲಿವರೆಗೆ ತಳ್ಳಬಹುದು ಅನ್ನೋದು ಗೊತ್ತಿರಬೇಕು.

ನಿಧಾನ ಆಯ್ತು ಅಂತ ಹೊಸದು ಬೇಡ

ಆನ್ ಆಗೋಕೆ ಐದು ನಿಮಿಷ, ಟ್ಯಾಲಿ ತೆರೆಯೋಕೆ ಇನ್ನೆರಡು ನಿಮಿಷ ಆಗ್ತಿದೆಯಾ? ಬಹಳ ಸಲ ತೊಂದರೆ ಇರೋದು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ. ಅದರ ಬದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿದರೆ ಅದೇ ಕಂಪ್ಯೂಟರ್ ಚುರುಕಾಗುತ್ತದೆ. ಕರೆಂಟ್ ಹೋದ ತಕ್ಷಣ ಬಿಲ್ಲಿಂಗ್ ಆಫ್ ಆಗ್ತಿದ್ದರೆ ಮೊದಲು ಯುಪಿಎಸ್ ಬ್ಯಾಟರಿ ನೋಡಿಸಿ. ಎರಡಕ್ಕೂ ಹೊಸ ಕಂಪ್ಯೂಟರ್‌ನಷ್ಟು ಖರ್ಚಿಲ್ಲ.

ಈ ಮೂರರಲ್ಲಿ ಒಂದಿದ್ದರೂ ತಡ ಮಾಡಬೇಡಿ

1. ಭದ್ರತಾ ಅಪ್‌ಡೇಟ್ ನಿಂತಿದ್ದರೆ: ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದಿದೆ. ಕಂಪ್ಯೂಟರ್ ಆಮೇಲೂ ಓಡುತ್ತದೆ, ಅದಕ್ಕೇ ಯಾರೂ ಗಮನಿಸೋದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಲೋಪಗಳಿಗೆ ಉಚಿತ ರಿಪೇರಿ ಬರೋದಿಲ್ಲ. ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಿಗೆ ಅಪಾಯ ಹೆಚ್ಚು. ವಿಂಡೋಸ್ 10 ಇರುವ ವ್ಯಾಪಾರ ಸಂಸ್ಥೆಗಳು ಹಣ ಕೊಟ್ಟು ಗರಿಷ್ಠ ಮೂರು ವರ್ಷ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯಬಹುದು.

ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಇರಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಹಾಕಿ ನೋಡಿದರೆ ನಿಮ್ಮದು ಹೊಂದುತ್ತದೆಯೇ ಅನ್ನೋದು ಗೊತ್ತಾಗುತ್ತದೆ. ಹೊಂದಿದರೆ ವಿಂಡೋಸ್ ಮಾತ್ರ ಬದಲಾಯಿಸಿದರೆ ಸಾಕು.

2. ಕೆಲಸವೇ ನಿಲ್ತಿದ್ದರೆ: ಗೂಗಲ್ ಕ್ರೋಮ್ 2023ರ ಫೆಬ್ರವರಿಯಿಂದ ವಿಂಡೋಸ್ 7ಕ್ಕೆ ಹೊಸ ಆವೃತ್ತಿ ಕೊಡ್ತಿಲ್ಲ. ಹಳೇ ಬ್ರೌಸರ್‌ನಲ್ಲಿ ಜಿಎಸ್‌ಟಿ, ಬ್ಯಾಂಕ್ ಪೋರ್ಟಲ್ ಸರಿಯಾಗಿ ತೆರೆಯದೆ, ರಿಟರ್ನ್ ಕೊನೇ ದಿನ ಪರದಾಡೋ ಹಾಗಾದರೆ ವಿಳಂಬ ಶುಲ್ಕ ಕಟ್ಟೋರು ನೀವೇ.

3. ರಿಪೇರಿ ಮುಗಿಯದಿದ್ದರೆ: ವರ್ಷದ ರಿಪೇರಿ ಬಿಲ್‌ಗಳನ್ನು ಒಟ್ಟು ಮಾಡಿ. ಕಂಪ್ಯೂಟರ್ ಕೆಟ್ಟು ವ್ಯಾಪಾರ ನಿಂತ ದಿನಗಳನ್ನೂ ಸೇರಿಸಿ. ಹೊಸದರ ಬೆಲೆಯ ಅರ್ಧ ದಾಟಿದರೆ ಮತ್ತೆ ದುಡ್ಡು ಸುರಿಯಬೇಡಿ.

ಬದಲಾಯಿಸೋ ಮುಂಚೆ

ಯಂತ್ರ ಹೋದರೆ ಇನ್ನೊಂದು ಸಿಗುತ್ತದೆ, ಲೆಕ್ಕ ಹೋದರೆ ಸಿಗೋದಿಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಅದಕ್ಕೇ ಬ್ಯಾಕಪ್ ಎರಡು ಕಡೆ ಇರಲಿ: ಒಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಅಂಗಡಿಯಿಂದ ಹೊರಗೆ. ಬ್ಯಾಕಪ್ ತೆಗೆದರೆ ಸಾಲದು, ಹೊಸ ಯಂತ್ರದಲ್ಲಿ ಹಳೇ ವರ್ಷದ ಒಂದು ಬಿಲ್ ತೆರೆದು ನೋಡಿ. ಹಳೇ ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್ ಹೊಸದಕ್ಕೆ ಹೊಂದುತ್ತವೆಯೇ ಅಂತ ಕೊಳ್ಳೋ ಮೊದಲೇ ಕೇಳಿ.

ಬಿಲ್ ಸಂಸ್ಥೆಯ ಹೆಸರಲ್ಲಿ, ಜಿಎಸ್‌ಟಿ ಸಂಖ್ಯೆ ಸಮೇತ ಇರಲಿ. ವ್ಯಾಪಾರಕ್ಕೆ ಕೊಂಡ ಕಂಪ್ಯೂಟರ್‌ನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿ ಇರುವವರಿಗೆ ಇದಿಲ್ಲ.

ಹಳೇದನ್ನು ಗುಜರಿಗೆ ಹಾಗೇ ಹಾಕಬೇಡಿ. ಹಾರ್ಡ್ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅದರಲ್ಲಿ ಗ್ರಾಹಕರ ವಿವರ, ಪಾಸ್‌ವರ್ಡ್ ಎಲ್ಲ ಇರುತ್ತದೆ. ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಡಿ.

ಮಾರ್ಚ್ ಕೊನೇ ವಾರ, ಹಬ್ಬದ ವ್ಯಾಪಾರದ ದಿನಗಳಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ವ್ಯಾಪಾರ ಕಡಿಮೆ ಇರೋ ವಾರ ನೋಡಿಕೊಂಡು, ಹಳೇದನ್ನೂ ಕೆಲವು ದಿನ ಪಕ್ಕದಲ್ಲೇ ಇಟ್ಟುಕೊಳ್ಳಿ.