ಗೋಲು ತಡೆದವರು

ಫುಟ್‌ಬಾಲಿನ ಚರಿತ್ರೆ ಬರೆಯುವವರು ಗೋಲು ಹೊಡೆದವನ ಹೆಸರನ್ನು ನಿಮಿಷದ ಸಮೇತ ಬರೆದಿಡುತ್ತಾರೆ. ಗೋಲು ಆಗದಂತೆ ತಡೆದವನಿಗೆ ಅಲ್ಲಿ ಜಾಗವಿಲ್ಲ. ನಮ್ಮ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದ ಹೆಂಗಸರ ಹೆಸರು ಬಟ್ಟೆಯ ಅಂಚಿನಲ್ಲಿ ಇರುವುದಿಲ್ಲವಲ್ಲ, ಹಾಗೆ. ಆಟದ ವಿಷಯ ಎಂದ ಕೂಡಲೇ ಪುಟ ಮಗುಚುವ ಅಭ್ಯಾಸ ನಮಗೆಲ್ಲ ಇದೆ. ಈ ಒಂದು ಕತೆಯನ್ನು ಮಾತ್ರ ದಯವಿಟ್ಟು ಓದಿ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತ ಭಾಗವಹಿಸಿದ ಮೊದಲ ಒಲಿಂಪಿಕ್ಸ್ ಅದು. ಇಲ್ಫರ್ಡ್ ಎಂಬಲ್ಲಿ ನಮ್ಮವರಿಗೂ ಫ್ರಾನ್ಸಿಗೂ ಫುಟ್‌ಬಾಲ್ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. 30ನೇ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು! ಇನ್ನೇನು ಆಟ ಮುಗಿಯಬೇಕು, 89ನೇ ನಿಮಿಷದಲ್ಲಿ ಫ್ರಾನ್ಸ್ ಮತ್ತೊಂದು ಹೊಡೆದು ಗೆದ್ದಿತು. ನಮಗೆ ಸಿಕ್ಕಿದ ಎರಡು ಪೆನಾಲ್ಟಿಗಳು ವ್ಯರ್ಥವಾದದ್ದನ್ನು ಜನ ಇಂದಿಗೂ ಹೇಳಿಕೊಂಡು ಮರುಗುತ್ತಾರೆ. ಎಪ್ಪತ್ತು, ಎಂಬತ್ತು ನಿಮಿಷಗಳವರೆಗೂ ಪಂದ್ಯವನ್ನು ಕೈಬಿಡದೆ ಹಿಡಿದು ನಿಲ್ಲಿಸಿದವರ ಬಗ್ಗೆ ಯಾರಿಗೂ ಮಾತಿಲ್ಲ.

ಆ ದಿನ ನಮ್ಮ ಗೋಲಿನಲ್ಲಿ ನಿಂತಿದ್ದವರು ಬೆಂಗಳೂರಿನವರೇ ಆದ ಕೆ.ವಿ. ವರದರಾಜ್. ಆಗ ಅವರಿಗೆ 24 ವರ್ಷ. ಮುಂದಿನ ಸಾಲಿನಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರು. ಒಂದೇ ಊರಿನಿಂದ ಇಷ್ಟು ಜನ ಹೇಗೆ ಬಂದರು ಎಂದರೆ ಅದಕ್ಕೆ ಕಾರಣ ದಂಡು. ದಂಡಿನ ಮೈದಾನಗಳಲ್ಲಿ ಬೂಟು ಹಾಕಿದ ಬಿಳಿ ಸಿಪಾಯಿಗಳ ಎದುರು ನಮ್ಮ ಹುಡುಗರು ಬರಿಗಾಲಿನಲ್ಲಿ ಆಡಿ ಪಳಗಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಸಿಪಾಯಿಗಳ ತಂಡಗಳೇ ಆಳುತ್ತಿದ್ದ ಆ ಪಂದ್ಯಾವಳಿಯನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅವರೇ ಗೆದ್ದರು.

ಅಷ್ಟರಲ್ಲಿ ಯುದ್ಧ ಬಂತು. 1940ರ ಒಲಿಂಪಿಕ್ಸ್ ನಡೆಯಲಿಲ್ಲ, 1944ರದ್ದೂ ನಡೆಯಲಿಲ್ಲ. ಪ್ರಾಂತ್ಯಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಹುಟ್ಟಿ, ಕೂಡಲೇ ನಿಂತು, 1944ರಲ್ಲಿ ಮತ್ತೆ ಶುರುವಾಯಿತು. ನಮ್ಮ ಮೈಸೂರು ತಂಡ ಅದನ್ನು ಮೊದಲ ಸಲ ಗೆದ್ದದ್ದು 1946–47ರಲ್ಲಿ, ಬೆಂಗಳೂರಿನಲ್ಲೇ, ಬಂಗಾಳವನ್ನು ಸೋಲಿಸಿ. ಆಟಗಾರನಿಗೆ ಮೈಯಲ್ಲಿ ಕಸುವಿರುವುದು ಹತ್ತು ವರ್ಷ. ಅದರಲ್ಲಿ ಆರನ್ನು ಯುದ್ಧ ತಿಂದುಹಾಕಿದರೆ ಉಳಿಯುವುದೇನು?

ಈ ಪ್ರಶ್ನೆಗೆ ನನಗೆ ಉತ್ತರ ಕಂಡದ್ದು ವರದರಾಜ್ ಅವರ ಮುಂದೆ ನಿಂತು ಆಡುತ್ತಿದ್ದ ನಾಯಕನ ಬದುಕಿನಲ್ಲಿ. ಅವರು ಕನ್ನಡಿಗರಲ್ಲ. ಹೆಸರು ತಾಲಿಮೆರೆನ್ ಆವೊ, ನಾಗಾ ಗುಡ್ಡಗಳ ಚಾಂಗ್ಕಿ ಎಂಬ ಹಳ್ಳಿಯವರು. ಹುಟ್ಟಿದ್ದು 1918ರಲ್ಲಿ. ತಂದೆ ಕ್ರೈಸ್ತ ಪಾದ್ರಿ. 1935ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಮಗ ಡಾಕ್ಟರಾಗಿ ತಮ್ಮ ಜನರ ಸೇವೆ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಹುಡುಗನಿಗೋ ಚೆಂಡಿನ ಹುಚ್ಚು. ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದಿ 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜು ಸೇರಿದರು. ಮರುವರ್ಷ ಮೋಹನ್ ಬಗಾನ್ ತಂಡವನ್ನೂ ಸೇರಿದರು. ಸೆಂಟರ್ ಹಾಫ್ ಅವರ ಜಾಗ, ಎಂದರೆ ಎದುರಾಳಿಯ ದಾಳಿಯನ್ನು ನಡುವಿನಲ್ಲೇ ಮುರಿಯುವ ಕೆಲಸ.

ಆ ಕಲ್ಕತ್ತೆ ಎಂಥದ್ದು ನೋಡಿ. 1942ರ ಡಿಸೆಂಬರಿನಲ್ಲಿ ಜಪಾನಿನ ವಿಮಾನಗಳು ಬಾಂಬು ಹಾಕಿ ಹೋಗಿದ್ದವು. 1943ರಲ್ಲಿ ಕ್ಷಾಮ; ಗಂಜಿಗೆಂದು ಹಳ್ಳಿಯಿಂದ ಬಂದ ತಾಯಂದಿರು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡೇ ರಸ್ತೆಬದಿಯಲ್ಲಿ ಸತ್ತರು. ಮರುವರ್ಷ, 1944ರ ಏಪ್ರಿಲ್‌ನಿಂದ ಜೂನ್‌ವರೆಗೆ, ಯುದ್ಧ ಅವರ ನಾಗಾ ಗುಡ್ಡಕ್ಕೇ ಬಂತು. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ ಬಂಗಲೆಯ ಟೆನಿಸ್ ಅಂಗಳದ ಈ ಬದಿ ಒಂದು ಸೈನ್ಯ, ಆ ಬದಿ ಇನ್ನೊಂದು. ಆಟದ ಅಂಗಳದಲ್ಲಿ ಕೈಬಾಂಬು ಎಸೆದಾಡಿದರು. ಆ ಗುಡ್ಡದ ಹುಡುಗ ಕಲ್ಕತ್ತೆಯಲ್ಲಿ ಬೆಳಿಗ್ಗೆ ಆಸ್ಪತ್ರೆಯ ವಾರ್ಡು, ಸಂಜೆ ಮೈದಾನ ಎಂದು ಓಡಾಡುತ್ತಿದ್ದ. ಇದನ್ನು ಮನಸ್ಸಿಗೆ ತಂದುಕೊಂಡಾಗಲೆಲ್ಲ ಆಟ ಎಂದರೆ ಹೊತ್ತುಗಳೆಯುವುದು ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಶಾಲೆಯಲ್ಲಿ ನಾನು ಕಂಡಿದ್ದೇನೆ. ಕಬಡ್ಡಿಗೆ ತಂಡ ಕಟ್ಟುವಾಗ ಹುಡುಗಿಯರೆಲ್ಲ ‘ಮಿಸ್, ನಾನು ರೈಡಿಗೆ ಹೋಗ್ತೀನಿ’ ಎನ್ನುತ್ತಾರೆ. ಮೂಲೆಯಲ್ಲಿ ಕಾದು ನಿಂತು ಕಾಲು ಹಿಡಿಯಲು ಒಬ್ಬಳೂ ಮುಂದೆ ಬರುವುದಿಲ್ಲ. ಒಲ್ಲದ ಮನಸ್ಸಿನಿಂದ ಹೋಗಿ ನಿಂತವಳೇ ಎಷ್ಟೋ ಸಲ ಪಂದ್ಯ ಉಳಿಸುತ್ತಾಳೆ. ಚಪ್ಪಾಳೆ ಮಾತ್ರ ಇನ್ನೊಬ್ಬಳಿಗೆ.

ಒಲಿಂಪಿಕ್ಸಿಗೆ ಹೋಗುವ ಹೊತ್ತಿಗೆ ಆವೊ ಅವರಿಗೆ 30 ವರ್ಷ. ಉದ್ಘಾಟನೆಯ ದಿನ ವೆಂಬ್ಲಿಯಲ್ಲಿ ದೇಶದ ಬಾವುಟ ಹಿಡಿದು ನಡೆದವರು ಅವರೇ. ಬರಿಗಾಲೇಕೆ ಎಂದು ಪತ್ರಕರ್ತರು ಕೇಳಿದಾಗ, ನಾವು ಆಡುವುದು ಫುಟ್‌ಬಾಲ್, ನೀವಾಡುವುದು ಬೂಟ್‌ಬಾಲ್ ಎಂಬರ್ಥದ ಉತ್ತರ ಕೊಟ್ಟರಂತೆ. ಮಾತು ಚೆನ್ನಾಗಿದೆ. ಆದರೆ ಅದೊಂದು ಮಾತಿನಲ್ಲೇ ಅವರನ್ನು ನೆನೆಯುವುದು ನನಗೆ ಅಷ್ಟಾಗಿ ಹಿಡಿಸದು.

ಏಕೆಂದರೆ ಲಂಡನ್ನಿನಿಂದ ಬಂದವರು ಮತ್ತೆ ಪುಸ್ತಕ ಹಿಡಿದರು. 1950ರಲ್ಲಿ ಎಂಬಿಬಿಎಸ್ ಮುಗಿಸಿದರು. ಹೆಸರು, ಅಭಿಮಾನಿಗಳು ಎಲ್ಲ ಇದ್ದ ಕಲ್ಕತ್ತೆಯಲ್ಲಿ ಉಳಿಯಬಹುದಿತ್ತು. ಉಳಿಯಲಿಲ್ಲ. ಟೆನಿಸ್ ಅಂಗಳವೇ ರಣರಂಗವಾಗಿದ್ದ ಅದೇ ಕೊಹಿಮಾಕ್ಕೆ ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾದರು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾದಾಗ ಅದರ ಆರೋಗ್ಯ ಇಲಾಖೆಯ ಮೊದಲ ನಿರ್ದೇಶಕರಾದರು. 1998ರಲ್ಲಿ ತೀರಿಕೊಂಡರು. ಅವರ ಬೆನ್ನ ಹಿಂದೆ ಗೋಲು ಕಾಯುತ್ತಿದ್ದ ವರದರಾಜ್ ಬದುಕಿದ್ದು 2011ರವರೆಗೆ.