ಬೀಗದ ಕೈ ನಮ್ಮದು, ಮನೆ ಯಾರದು?



ಭದ್ರಾವತಿಗೆ ಹೋಗಿ ಬಂದವರೆಲ್ಲ ನ್ಯೂಟೌನ್ ಮತ್ತು ಪೇಪರ್ ಟೌನ್ ಎಂಬ ಹೆಸರುಗಳನ್ನು ಕೇಳಿರುತ್ತೀರಿ. ಮೊದಲನೆಯದು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಆಸರೆಯಲ್ಲಿ ಬೆಳೆದ ಬಡಾವಣೆ. ಎರಡನೆಯದು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಸೇರಿದ್ದು. ಎರಡು ಕಡೆಯೂ ನೌಕರರಿಗೆಂದು ಕಟ್ಟಿದ ಕ್ವಾರ್ಟರ್ಸ್‌ಗಳ ಸಾಲುಗಳಿವೆ.

ಕ್ವಾರ್ಟರ್ಸ್ ಸಿಗುವ ಕ್ರಮ ಕಾರ್ಖಾನೆಯ ಊರಿನ ಮಕ್ಕಳಿಗೆ ಹೊಸದಲ್ಲ. ಮೊದಲು ಮನೆ ಹಂಚಿಕೆಯ ಆದೇಶ, ಆಮೇಲೆ ಬೀಗದ ಕೈ. ಆದೇಶ ಕಾಗದದಲ್ಲಿರುತ್ತದೆ, ಬೀಗದ ಕೈ ಜೇಬಿನಲ್ಲಿರುತ್ತದೆ. ಜೇಬಿನ ಕೈಗೆ ನಕಲು ಮಾಡಿಸಬಹುದು. ಆದರೆ ನಕಲು ಕೈ ಹಿಡಿದು ಬಂದವನಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಅದೇ ರೀತಿ, ಬೀಗದ ಕೈ ಕಳೆದುಹೋಯಿತೆಂದ ಮಾತ್ರಕ್ಕೆ ಆದೇಶ ಪಡೆದವನ ಹಕ್ಕು ಹೋಗುವುದೂ ಇಲ್ಲ. ಇನ್ನೊಂದು ಮಾತು: ಅವನು ಮನೆಯಲ್ಲಿ ಮೂವತ್ತು ವರ್ಷ ಇದ್ದರೂ ಮನೆ ಕಾರ್ಖಾನೆಯದೇ.

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ವಿಷಯವೂ ಬಹುಮಟ್ಟಿಗೆ ಹೀಗೆಯೇ. ನಾವು ಅಂಗಡಿಯಲ್ಲಿ ಹಣ ಕೊಟ್ಟು ತರುವುದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಪರವಾನಗಿಯನ್ನು. ಪ್ರಾಡಕ್ಟ್ ಕೀ ಎಂದು ಕರೆಯುವ ಅಂಕಿ-ಅಕ್ಷರಗಳ ಸಾಲು ಬೀಗದ ಕೈ ಮಾತ್ರ. ಈ ವ್ಯತ್ಯಾಸ ತಿಳಿಯದೆ ಹಣ ಕಳೆದುಕೊಳ್ಳುವವರು ಬಹಳ ಜನ. ಈ ಪದ್ಧತಿ ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂಬುದನ್ನು ಈಗ ನೋಡೋಣ.

ಕೊಸರಾಗಿ ಬಂದ ತಂತ್ರಾಂಶ

ಸಂತೆಯಲ್ಲಿ ತರಕಾರಿ ಕೊಂಡರೆ ಕೈಗೆ ಒಂದಿಷ್ಟು ಕೊಸರು ಹಾಕುತ್ತಾರಲ್ಲವೆ? ಕಂಪ್ಯೂಟರಿನ ಆರಂಭದ ಕಾಲದಲ್ಲಿ ತಂತ್ರಾಂಶ ಹೆಚ್ಚುಕಡಿಮೆ ಹಾಗೆಯೇ ಬರುತ್ತಿತ್ತು. ಕೋಣೆ ತುಂಬುವಂತಹ ಯಂತ್ರಕ್ಕೆ ಬೆಲೆ. ಅದನ್ನು ನಡೆಸುವ ಪ್ರೋಗ್ರಾಂ ಅದರ ಜೊತೆಗೇ ಸೇರಿದ್ದು. 1969ರ ಜೂನ್ 23ರಂದು ಐ.ಬಿ.ಎಂ. ಕಂಪನಿ ತನ್ನ ಹಲವು ತಂತ್ರಾಂಶಗಳಿಗೆ ಮತ್ತು ಸೇವೆಗಳಿಗೆ ಬೇರೆ ಬೆಲೆ ನಿಗದಿ ಮಾಡುವುದಾಗಿ ಪ್ರಕಟಿಸಿತು. ಅದೇ ವರ್ಷ ಅಮೆರಿಕ ಸರ್ಕಾರ ಆ ಕಂಪನಿಯ ಏಕಸ್ವಾಮ್ಯದ ವಿರುದ್ಧ ಮೊಕದ್ದಮೆ ಹೂಡಿತ್ತು. ತಂತ್ರಾಂಶವು ತಾನೇ ಒಂದು ಸರಕಾಗಿ ಮಾರುಕಟ್ಟೆಯಲ್ಲಿ ನಿಲ್ಲಲು ಈ ನಿರ್ಧಾರ ದಾರಿ ಮಾಡಿತು.

ಸರಕಾದ ಮೇಲೆ ಕಳವಿನ ಮಾತೂ ಬಂದೇ ಬರುತ್ತದೆ. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಎಂಬ ಇಪ್ಪತ್ತು ವರ್ಷದ ಯುವಕ ಹವ್ಯಾಸಿ ಕಂಪ್ಯೂಟರ್ ಬಳಕೆದಾರರಿಗೆ ಒಂದು ಬಹಿರಂಗ ಪತ್ರ ಬರೆದರು. ಅವರು ಮತ್ತು ಗೆಳೆಯರು ಆಲ್ಟೇರ್ ಎಂಬ ಪುಟ್ಟ ಯಂತ್ರಕ್ಕೆ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದ್ದರು. ಕಾಗದದ ಪಟ್ಟಿಯಲ್ಲಿ ರಂಧ್ರಗಳ ರೂಪದಲ್ಲಿದ್ದ ಆ ಪ್ರೋಗ್ರಾಂ ಕೈಯಿಂದ ಕೈಗೆ ನಕಲಾಗಿ ಹೋಗುತ್ತಿತ್ತು. ಬಳಸುವವರು ಬಹಳ, ಹಣ ಕೊಟ್ಟವರು ಕೆಲವರೇ ಎಂಬುದು ಪತ್ರದ ದೂರು. ನಕಲು ಮಾಡಿದವರ ಮನಸ್ಸಿನಲ್ಲಿ ಅದು ಕಳವಾಗಿರಲಿಲ್ಲ. ಗೆಳೆಯನಿಗೆ ಪುಸ್ತಕ ಎರವಲು ಕೊಟ್ಟ ಹಾಗಿತ್ತು. ಆ ವಾದ ಇಂದಿಗೂ ಮುಗಿದಿಲ್ಲ.

ಕುವೆಂಪು ಅವರ ಕಾದಂಬರಿ, ಕಂಪ್ಯೂಟರಿನ ಪ್ರೋಗ್ರಾಂ

ನಮ್ಮ ದೇಶದ ಕಾನೂನು ಇದನ್ನು ಹೇಗೆ ನೋಡುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿಯಾಗಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಸಾಲಿಗೆ ಸೇರಿತು. ನಿಮಗೆ ಅಚ್ಚರಿಯಾಗಬಹುದು. ನಮ್ಮ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತು ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿರುವ ವಿಂಡೋಸ್, ಕಾನೂನಿನ ಕಣ್ಣಿಗೆ ಎರಡೂ ಸಾಹಿತ್ಯ ಕೃತಿಗಳೇ!

1994ರ ತಿದ್ದುಪಡಿ 1995ರ ಮೇ 10ರಿಂದ ಜಾರಿಗೆ ಬಂತು. ಅಕ್ರಮ ನಕಲೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದು ಅದರ ಪ್ರಕಾರ ಅಪರಾಧ. ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸಿಲ್ಲವಾದರೆ ಸೆರೆವಾಸವನ್ನು ಕೈಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಇದೇ ಕಾಯ್ದೆ ಬಳಕೆದಾರನಿಗೂ ಒಂದು ಹಕ್ಕು ಕೊಟ್ಟಿದೆ. ನ್ಯಾಯವಾಗಿ ಪಡೆದ ಪ್ರೋಗ್ರಾಂ ಕೆಟ್ಟುಹೋದೀತೆಂದು ಮುನ್ನೆಚ್ಚರಿಕೆಗಾಗಿ ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದು ತಪ್ಪಲ್ಲ.

ಇಲ್ಲಿ ಪರವಾನಗಿ ಎಂಬ ಪದವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ವಾಹನ ಓಡಿಸಲು, ಬಂದೂಕು ಇಟ್ಟುಕೊಳ್ಳಲು ಬೇಕಾದ ಲೈಸೆನ್ಸನ್ನು ಸರ್ಕಾರ ಕೊಡುತ್ತದೆ. ತಂತ್ರಾಂಶದ ಲೈಸೆನ್ಸನ್ನು ಕೊಡುವವನು ಅದರ ಒಡೆಯ. ಅದು ಒಡೆಯನಿಗೂ ಬಳಕೆದಾರನಿಗೂ ನಡುವಿನ ಕರಾರು. ‘ಐ ಅಗ್ರೀ’ ಎಂಬ ಗುಂಡಿಯನ್ನು ನಾವು ಓದದೆಯೇ ಒತ್ತುತ್ತೇವಲ್ಲ, ನಾವು ಸಹಿ ಹಾಕುವುದು ಅಲ್ಲಿಯೇ.

ಬೀಗಗಳ ಬೆಳವಣಿಗೆ

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಬಾಗಿಲಿಗೆ ಬೀಗ ಬೇಕೆಂದು ಕಂಪನಿಗಳು ಬಗೆದವು. ಡಿ.ಟಿ.ಪಿ. ಅಂಗಡಿಗಳಲ್ಲಿ ಕೆಲಸ ಮಾಡಿದ ಹಿರಿಯರನ್ನು ಕೇಳಿ ನೋಡಿ. ಭಾರತೀಯ ಭಾಷೆಗಳ ಕೆಲವು ಅಕ್ಷರ ಜೋಡಣೆಯ ತಂತ್ರಾಂಶಗಳ ಜೊತೆ ಡಾಂಗಲ್ ಎಂಬ ಪುಟ್ಟ ಪೆಟ್ಟಿಗೆ ಬರುತ್ತಿತ್ತು. ಅದನ್ನು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದರೆ ಮಾತ್ರ ಪ್ರೋಗ್ರಾಂ ತೆರೆಯುತ್ತಿತ್ತು.

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95ಕ್ಕೆ ಸಿ.ಡಿ.ಯ ಕವಚದ ಮೇಲೆ ಕೀಲಿಸಂಖ್ಯೆ ಇತ್ತು. ಮೂರು ಅಂಕಿ, ಒಂದು ಅಡ್ಡಗೆರೆ, ಏಳು ಅಂಕಿ. ಆ ಏಳು ಅಂಕಿಗಳ ಮೊತ್ತ 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ ಎಂಬುದೇ ಕಂಪ್ಯೂಟರ್ ಮಾಡುತ್ತಿದ್ದ ಮುಖ್ಯ ಪರೀಕ್ಷೆ. ಪ್ರಾಥಮಿಕ ಶಾಲೆಯ ಲೆಕ್ಕ! ಆ ಕೀಲಿಯನ್ನು ಎಷ್ಟು ಯಂತ್ರಗಳಲ್ಲಿ ಬಳಸಲಾಗಿದೆ ಎಂಬುದು ಕಂಪ್ಯೂಟರಿಗೂ ತಿಳಿಯುತ್ತಿರಲಿಲ್ಲ, ಕಂಪನಿಗೂ ತಿಳಿಯುತ್ತಿರಲಿಲ್ಲ. ಕಡಿಮೆ ಬೆಲೆಯ ಅಪ್‌ಗ್ರೇಡ್ ಪ್ರತಿ ಕೊಂಡವರು ಹಳೆಯ ವಿಂಡೋಸ್ ಇದೆಯೆಂದು ತೋರಿಸಬೇಕಿತ್ತು. ಅದು ಯಂತ್ರದಲ್ಲಿ ಕಾಣದಿದ್ದರೆ ಹಳೆಯ ಡಿಸ್ಕನ್ನು ಹಾಕುವಂತೆ ಅದು ಕೇಳುತ್ತಿತ್ತು.

ಮುಂದೆ ಕೀಲಿ 25 ಚಿಹ್ನೆಗಳಷ್ಟು ಉದ್ದವಾಯಿತು. ಅದರಲ್ಲಿ ಬಳಸಿದ್ದು 24 ಚಿಹ್ನೆಗಳನ್ನು ಮಾತ್ರ. ಸೊನ್ನೆ ಮತ್ತು ಓ, ಒಂದು ಮತ್ತು ಐ ಇಂತಹ ಗೊಂದಲದ ಜೋಡಿಗಳು ಅದರಲ್ಲಿ ಇರಲಿಲ್ಲ. 24ನ್ನು 24ರಿಂದಲೇ ಗುಣಿಸುತ್ತ 25 ಸಲ ಬರೆದರೆ ಬರುವ ಸಂಖ್ಯೆ ಸುಮಾರು 32ರ ಮುಂದೆ 33 ಸೊನ್ನೆ. ಊಹೆಯಿಂದ ಸರಿಯಾದ ಕೀಲಿ ಹುಡುಕುವುದು ಆಗದ ಮಾತು.

ಕೀಲಿಯನ್ನು ಊಹಿಸಲಾಗದಿದ್ದರೂ ನಕಲು ಮಾಡಬಹುದಲ್ಲ! 2001ರ ಅಕ್ಟೋಬರ್ 25ರಂದು ಬಂದ ವಿಂಡೋಸ್ ಎಕ್ಸ್‌ಪಿ ಅದಕ್ಕೂ ಉಪಾಯ ಮಾಡಿತು. ಅದೇ ಆಕ್ಟಿವೇಶನ್. ಕೀಲಿ ಒತ್ತಿದ ಮೇಲೆ 30 ದಿನಗಳೊಳಗೆ ಕಂಪನಿಯಿಂದ ಒಪ್ಪಿಗೆ ಪಡೆಯಬೇಕು. ಯಂತ್ರದ ಬಿಡಿಭಾಗಗಳ ಗುರುತನ್ನೂ ಕೀಲಿಯನ್ನೂ ಸೇರಿಸಿ ಕಂಪ್ಯೂಟರ್ ಒಂದು ಸಂಖ್ಯೆ ತಯಾರಿಸುತ್ತಿತ್ತು. ಇಂಟರ್ನೆಟ್ ಇಲ್ಲದವರು ಫೋನ್ ಮಾಡಿ 50 ಅಂಕಿಗಳನ್ನು ತಿಳಿಸಬೇಕು. ಅತ್ತಲಿಂದ ಬರುವ 42 ಅಂಕಿಗಳನ್ನು ಬರೆದುಕೊಂಡು ತುಂಬಬೇಕು. ಬೀಗದ ಕೈ ಇನ್ನು ಮುಂದೆ ಒಂದೇ ಬಾಗಿಲಿನದು. ಒಂದು ಸಂಸ್ಥೆಗೆ ಒಟ್ಟಾಗಿ ಕೊಟ್ಟಿದ್ದ ಕೀಲಿಯೊಂದು ಹೊರಬಿದ್ದು ಲೋಕವೆಲ್ಲ ಹರಡಿದಾಗ, 2002ರ ಸರ್ವೀಸ್ ಪ್ಯಾಕ್ 1 ಅದನ್ನು ತಡೆಯಿತು.

ತುಂಗೆಯ ಹೆಸರಿನ ಅಕ್ಷರ

ಹಾಗಿದ್ದರೂ ಎಕ್ಸ್‌ಪಿಗೆ ಬದಲಾಗಲು ಕನ್ನಡಿಗರಿಗೆ ಒಂದು ಬಲವಾದ ಕಾರಣವಿತ್ತು. ವಿಂಡೋಸ್ 98ರಲ್ಲಿ ಯೂನಿಕೋಡ್ ಕನ್ನಡ ಇರಲಿಲ್ಲ. 1998ರಲ್ಲಿ ಬಂದ ‘ಬರಹ’ ಮತ್ತು ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಆ ಕೊರತೆಯನ್ನು ತುಂಬಿದವು. ಆದರೆ ಅಂದಿನ ಅಂತಹ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತಿತ್ತು. ವಿಂಡೋಸ್ ಎಕ್ಸ್‌ಪಿಯೊಳಗೇ ಕನ್ನಡ ಸೇರಿತು. ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರೇನು ಗೊತ್ತೆ? ‘ತುಂಗಾ’. ಶಿವಮೊಗ್ಗದ ಪಕ್ಕದಲ್ಲಿ ಹರಿಯುವ ಹೊಳೆಯ ಹೆಸರು! ಆ ಅಕ್ಷರ ನಮ್ಮ ಯಂತ್ರಕ್ಕೆ ಬರಬೇಕಾದರೆ ಹೊಸ ಪರವಾನಗಿ ಮತ್ತು ಹೊಸ ಕೀಲಿ ಬೇಕಾಯಿತು. ನಮ್ಮದೇ ಲಿಪಿಯನ್ನು ತೆರೆಯುವ ಬೀಗದ ಕೈ ಇನ್ನೊಬ್ಬರ ಬಳಿ ಇದ್ದುದನ್ನು ನೀವು ಗಮನಿಸಬೇಕು.

ಇದಕ್ಕೆ ಎದುರಾಗಿ ಕೆ. ಪಿ. ರಾವ್ ಅವರನ್ನು ನೆನೆಯಬೇಕು. ಕಂಪ್ಯೂಟರಿನಲ್ಲಿ ಕನ್ನಡವನ್ನು ಸುಲಭವಾಗಿ ಟೈಪ್ ಮಾಡುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದವರು ಅವರು. ಅದನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು.

ಒಂದು ಅಂಗಡಿಯ ಉದಾಹರಣೆ

ಈಗ ಶಿವಮೊಗ್ಗದ ಒಂದು ಡಿ.ಟಿ.ಪಿ. ಅಂಗಡಿಯನ್ನು ಊಹಿಸಿಕೊಳ್ಳಿ. ಅಲ್ಲಿನ ಕಂಪ್ಯೂಟರ್ ವಿಂಡೋಸ್ 7 ಸಮೇತ ಕಾರ್ಖಾನೆಯಿಂದಲೇ ಬಂದದ್ದು. 2015ರ ಜುಲೈ 29ರಂದು ವಿಂಡೋಸ್ 10 ಬಂದಾಗ ಒಂದು ವರ್ಷ ಉಚಿತ ಅಪ್‌ಗ್ರೇಡ್ ಎಂದು ಪ್ರಕಟವಾಯಿತು. ಮಾಲೀಕರು ಒಪ್ಪಿದರು. ಅವರ ಕೈಗೆ ಹೊಸ ಕೀಲಿ ಬರಲಿಲ್ಲ. ಯಂತ್ರದ ಗುರುತನ್ನು ಕಂಪನಿ ತನ್ನ ಸರ್ವರಿನಲ್ಲಿ ಬರೆದುಕೊಂಡಿತು. ಇದನ್ನು ಡಿಜಿಟಲ್ ಲೈಸೆನ್ಸ್ ಎನ್ನುತ್ತಾರೆ. ಹಾರ್ಡ್ ಡಿಸ್ಕ್ ಬದಲಾಯಿಸಿ ವಿಂಡೋಸ್ 10ನ್ನು ಮತ್ತೆ ಹಾಕಿದರೂ ತೊಂದರೆಯಾಗಲಿಲ್ಲ. ಆದರೆ ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಮದರ್‌ಬೋರ್ಡ್ ಸುಟ್ಟುಹೋಯಿತು. ಬೇರೆ ಬಗೆಯ ಬೋರ್ಡ್ ಹಾಕಿದೊಡನೆ ವಿಂಡೋಸ್ ತನಗೆ ಪರವಾನಗಿ ಇಲ್ಲವೆಂದಿತು.

ಮಾಲೀಕರು ಮೋಸ ಮಾಡಿದ್ದಾರೆಯೇ? ಇಲ್ಲ. ಕಾರಣ ಅವರ ಕರಾರಿನಲ್ಲಿದೆ. ಯಂತ್ರದೊಡನೆ ಬಂದ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡದ್ದು. ಮದರ್‌ಬೋರ್ಡ್ ಹೋದರೆ ಯಂತ್ರವೇ ಹೋದಂತೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಪರವಾನಗಿಯನ್ನಾದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಸಾಗಿಸಬಹುದಿತ್ತು. ಮೂರನೆಯದು ಕಾಲೇಜು, ಕಚೇರಿಗಳಿಗೆ ಒಟ್ಟಾಗಿ ಕೊಡುವಂಥದು. ಅದರ ಕೀಲಿಯನ್ನು ವಿದ್ಯಾರ್ಥಿ ತನ್ನ ಮನೆಗೆ ಒಯ್ಯುವಂತಿಲ್ಲ. ಅಪ್‌ಗ್ರೇಡ್ ಎಂಬುದು ಹಳೆಯ ಅಡಿಪಾಯದ ಮೇಲೆ ಮಹಡಿ ಕಟ್ಟಿದ ಹಾಗೆ. ಕೆಳಗಿನ ಪರವಾನಗಿಯನ್ನು ಬೇರೆಯವರಿಗೆ ಮಾರಿ ಮೇಲಿನದನ್ನು ಉಳಿಸಿಕೊಳ್ಳಲು ಆಗದು. ಹಳೆಯ ವಿಂಡೋಸ್ 7ರ ಕೀಲಿಯಿಂದ ಹೊಸ ವಿಂಡೋಸನ್ನು ತೆರೆಯುವ ದಾರಿಯೂ ಬಹುಕಾಲ ತೆರೆದಿದ್ದು, 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು.

ಸೂರು ಸೋರಿದರೆ

ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳೇ ಆಗಿವೆ. ಕಾರ್ಖಾನೆ ನಿಂತ ಊರಿನಲ್ಲಿ ಕ್ವಾರ್ಟರ್ಸಿನ ಸೂರು ಸೋರಿದರೆ ಯಾರನ್ನು ಕೇಳಬೇಕು? ಇದೇ ಪ್ರಶ್ನೆ ಕಂಪ್ಯೂಟರಿಗೂ ಬರುತ್ತದೆ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ, 2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಪರವಾನಗಿ ರದ್ದಾಗಲಿಲ್ಲ, ಬೀಗದ ಕೈ ತಿರುಗುತ್ತದೆ. ದುರಸ್ತಿ ಮಾತ್ರ ನಿಲ್ಲುತ್ತದೆ. ವಿಂಡೋಸ್ 11 ಹಾಕೋಣವೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗ ಬೇಕು; ಹಲವು ಹಳೆಯ ಯಂತ್ರಗಳಲ್ಲಿ ಅದಿಲ್ಲ. ಚೆನ್ನಾಗಿ ಓಡುವ ಯಂತ್ರವೂ ಮೂಲೆ ಸೇರುವ ಸ್ಥಿತಿ.

ಇನ್ನೊಂದು ಬಗೆಯ ಪರವಾನಗಿಯೂ ಉಂಟು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿ, 1989ರಲ್ಲಿ ಜಿ.ಪಿ.ಎಲ್. ಎಂಬ ಕರಾರನ್ನು ಹೊರತಂದರು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಮರುವರ್ಷ ಅದೇ ಕರಾರಿಗೆ ಒಳಪಟ್ಟಿತು. ಅದರಲ್ಲಿ ನಕಲು ಮಾಡುವುದು, ತಿದ್ದುವುದು, ಹಂಚುವುದು ಎಲ್ಲವೂ ಬಳಕೆದಾರನ ಹಕ್ಕು. ತಿದ್ದಿ ಹಂಚುವವನು ಪಡೆದವರಿಗೂ ಅದೇ ಹಕ್ಕು ಕೊಡಬೇಕೆಂಬುದೇ ಷರತ್ತು. ಕೀಲಿಸಂಖ್ಯೆಯ ಕೆಲಸವಿಲ್ಲ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳು ಅದಕ್ಕೆ ಉಚಿತವಾಗಿ ಸಿಗುತ್ತವೆ. ಎಲ್ಲ ಕೆಲಸಕ್ಕೂ ಅದು ಒಗ್ಗುತ್ತದೆಂದು ಹೇಳಲಾರೆ. ವಿಂಡೋಸಿಗೇ ಬರೆದ ಹಲವು ಪ್ರೋಗ್ರಾಂಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಆದರೆ ಮೂಲೆ ಸೇರಬೇಕಿದ್ದ ಯಂತ್ರ ಓದು ಬರಹಕ್ಕೆ ಮತ್ತೆ ಒದಗಬಹುದು.

ಈ ಲೇಖನ ಓದಿದ ಮೇಲೆ ನಿಮ್ಮ ಮನೆಯ ಅಥವಾ ಕಾಲೇಜಿನ ಕಂಪ್ಯೂಟರನ್ನು ಒಮ್ಮೆ ಪರಿಶೀಲಿಸಿ. ಅದರ ಪರವಾನಗಿ ಯಾವ ಬಗೆಯದು? ಯಂತ್ರಕ್ಕೆ ಅಂಟಿದ್ದೋ, ಬಿಡಿಯಾಗಿ ಕೊಂಡದ್ದೋ, ಸಂಸ್ಥೆಯದೋ? ಕೊಂಡ ರಸೀದಿ ಎಲ್ಲಿದೆ? ಕೀಲಿಯನ್ನು ಎಲ್ಲಾದರೂ ಬರೆದಿಟ್ಟಿದ್ದೀರಾ? ಇನ್ನೂರು ಮುನ್ನೂರು ರೂಪಾಯಿಗೆ ಬರೀ ಕೀಲಿಯನ್ನು ಮಾರುವವರು ಎದುರಾದರೆ ಅದರ ಜೊತೆ ಹಕ್ಕಿನ ಪತ್ರ ಬರುತ್ತದೆಯೇ ಎಂದು ಕೇಳಿ. ನ್ಯೂಟೌನಿನ ಹಿರಿಯರು ಹಂಚಿಕೆಯ ಆದೇಶವನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಡುತ್ತಿದ್ದರು. ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದರು. ಯಾವುದನ್ನು ಎಲ್ಲಿಡಬೇಕೆಂಬುದು ಅವರಿಗೆ ಗೊತ್ತಿತ್ತು.